ಒಂದು ಮಾತನ್ನಾದರೂ ಇಡಿಯಾಗಿ ಹೊತ್ತು ತಾ

ಪಾಂಡವಪುರ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಜಿಲ್ಲಾ ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಯಲ್ಲಿ ನಿನ್ನ ಹೆಸರು ಬಂದಿದೆ ಅಂತ ಓದಿ ನಿನ್ನ ದೊಡ್ಡಮ್ಮನನ್ನು ಅಡುಗೆ ಮನೆಯಿಂದ ಕೂಗಿ ಕರೆದೆ. ಆಹ್ವಾನ ಪತ್ರಿಕೆಯಲ್ಲಿ 14 ಕವಿಗಳ ಪಟ್ಟಿ, ಅದರಲ್ಲಿ ನಿನ್ನದು 9ನೆಯದು. ಅವಳು ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಎರಡು ಸಲ ಓದಿದಳು. ಆಮೇಲೆ ಏನೂ ಹೇಳದೆ ಹೋಗಿ ಪಾಯಸಕ್ಕೆ ಶಾವಿಗೆ ಹುರಿದಳು. ನಮಗೆ ಎಷ್ಟು ಖುಷಿಯಾಯಿತು ಅಂತ ನಿನಗೆ ಇದರಲ್ಲೇ ಗೊತ್ತಾಗುತ್ತೆ.

ಫೋನಿನಲ್ಲೇ ಉತ್ತರ ಬರೆಯೋಣ ಅಂತ ಕೂತೆ. ಆದರೆ ನೀನು ಕೇಳಿದ್ದು ಎರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಯಾವ ಪದ್ಯ ಓದಲಿ, ಎಷ್ಟು ಹೊತ್ತು ಓದಲಿ ಅಂತ ಕೇಳಿದ್ದೀಯ, ಅದಕ್ಕೆ ಹೇಳುತ್ತೇನೆ. ಅದರ ಕೆಳಗೆ ಇನ್ನೊಂದು ಮಾತು ಬರೆದಿದ್ದೀಯಲ್ಲ, ‘ಭಾನುವಾರ ಬೆಳಿಗ್ಗೆ ಬಂದು ನನ್ನ ಪದ್ಯ ಓದಿ ಮಧ್ಯಾಹ್ನದ ಬಸ್ಸಿಗೆ ಬೆಂಗಳೂರಿಗೆ ವಾಪಸ್ ಹೋಗ್ತೀನಿ ದೊಡ್ಡಪ್ಪ, ಮಿಕ್ಕಿದ್ದೆಲ್ಲ ಯೂಟ್ಯೂಬಲ್ಲಿ ಬರುತ್ತಲ್ಲ’ ಅಂತ, ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅದಕ್ಕೇ ಈ ಕಾಗದ.

ನಿನಗೆ ಒಂದು ವಿಷಯ ಹೇಳಬೇಕು. ನಿಮ್ಮಪ್ಪನಿಗೆ ಇದು ನೆನಪಿರಲಾರದು, ಅವನು ಆಗ ತೊಟ್ಟಿಲು ಬಿಟ್ಟಿರಲಿಲ್ಲ.

1974ರಲ್ಲಿ ಮಂಡ್ಯದಲ್ಲಿ 48ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನನಗೆ 13 ವರ್ಷ. ನಿನ್ನ ತಾತ ನನ್ನನ್ನು ಕರೆದುಕೊಂಡು ಹೋಗಿದ್ದರು. ಜಯದೇವಿತಾಯಿ ಲಿಗಾಡೆ ಅಧ್ಯಕ್ಷರು. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯ ಅವರ ಅಧ್ಯಕ್ಷತೆಯಲ್ಲಿ ಮೊದಲ ಸಮ್ಮೇಳನ ಆದ ಮೇಲೆ, ಆ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತದ್ದು ಅದೇ ಮೊದಲು. ಅವರು ಸೊಲ್ಲಾಪುರದವರು, ಮರಾಠಿಯಲ್ಲಿ ಓದಿ ಬೆಳೆದು ಕನ್ನಡವನ್ನು ತಾವಾಗಿಯೇ ಕಲಿತವರು. ಇದೆಲ್ಲ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಅವತ್ತು ನಾನು ಕಂಡದ್ದು ಜನ, ಧೂಳು, ಬಣ್ಣದ ಬಾವುಟ, ಇನ್ನೂ ಜಾಸ್ತಿ ಜನ.

ಕತ್ತಲಾದ ಮೇಲೆ ಮನೆಗೆ ಬಂದೆವು. ಅವ್ವ, ಅಂದರೆ ನಿನ್ನಜ್ಜಿ, ಜಗಲಿ ಮೇಲೆ ಮೊರ ಇಟ್ಟುಕೊಂಡು ರಾಗಿ ಕೇರುತ್ತಿದ್ದಳು. ಅಧ್ಯಕ್ಷರು ಒಬ್ಬ ಹೆಂಗಸು ಅಂತ ಅಪ್ಪ ಹೇಳಿದರು. ಅವ್ವನ ಕೈಯಲ್ಲಿ ಮೊರ ನಿಂತಿತು. ‘ಹೆಂಗಸಾ? ನಡೂ ಕುರ್ಚೀಲಿ ಕೂತಿದ್ರಾ?’ ಅಂದಳು. ಹೌದು ಅಂದೆ. ‘ಏನಂದ್ರು ಅವ್ರು?’ ಅಂದಳು.

ನಾನು ಅಪ್ಪನ ಮುಖ ನೋಡಿದೆ, ಅಪ್ಪ ನನ್ನ ಮುಖ ನೋಡಿದರು. ಬೆಳಗಿನಿಂದ ಸಂಜೆವರೆಗೆ ಅಲ್ಲಿದ್ದೆವು, ಒಂದು ವಾಕ್ಯ ನೆನಪಿಗೆ ಬರಲಿಲ್ಲ. ಕನ್ನಡದ ಬಗ್ಗೆ ಚೆನ್ನಾಗಿ ಮಾತಾಡಿದರು ಅಂತ ಅಪ್ಪ ಏನೋ ಹೇಳಿದರು. ಅವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ, ‘ಅಷ್ಟ್ ದೂರ ಹೋಗಿ ಒಂದ್ ಮಾತೂ ಹೊತ್ಕೊಂಡ್ ಬರ್ಲಿಲ್ವಾ ಮಗ?’ ಅಂತ ಕೇಳಿ ಮತ್ತೆ ಕೇರಲು ಶುರು ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ನಾನು ಮರೆಯುತ್ತಿದ್ದೆ. ಅವಳಿಗೆ ಓದಲು ಬರುತ್ತಿರಲಿಲ್ಲ ಪುಟ್ಟಿ. ನಾವು ಹೊತ್ತು ತಂದರೆ ಮಾತ್ರ ಅವಳಿಗೆ ಸಿಗುತ್ತಿತ್ತು, ನಾವು ಬರಿಗೈಯಲ್ಲಿ ಬಂದಿದ್ದೆವು.

ನನ್ನ ಹತ್ತಿರ ಇರುವ ಆ ರಟ್ಟಿನ ನೋಟ್‌ಬುಕ್ಕುಗಳನ್ನು ನೀನು ಸಣ್ಣವಳಿದ್ದಾಗ ಆಟಕ್ಕೆ ತೆಗೆದು ಬೈಸಿಕೊಂಡಿದ್ದೀಯಲ್ಲ, ಅವು ಹುಟ್ಟಿದ್ದು ಆ ರಾತ್ರಿಯಿಂದ. ಗಣಿತ ಮೇಷ್ಟ್ರಿಗೆ ಸಾಹಿತ್ಯ ಸಮ್ಮೇಳನ ಯಾಕೆ ಅಂತ ಸಹೋದ್ಯೋಗಿಗಳು ಎಷ್ಟೋ ಸಲ ಕೇಳಿದ್ದಾರೆ. ಕೆಲವರು ಓಓಡಿ, ಅಂದರೆ ರಜೆ ಹಾಕದೆ ಹೋಗಿಬರುವ ಅನ್ಯಕಾರ್ಯ ಸವಲತ್ತು, ಸಿಗುತ್ತೆ ಅಂತ ಬಂದು, ನೋಂದಣಿ ಮಾಡಿಸಿ, ಬ್ಯಾಗು ಇಸಕೊಂಡು, ಹಾಜರಾತಿ ಪತ್ರಕ್ಕೆ ಸೀಲು ಹಾಕಿಸಿಕೊಂಡು ಪಕ್ಕದ ಊರು ನೋಡಲು ಹೋಗುತ್ತಿದ್ದರು. ಅದು ಅವರಿಷ್ಟ. ನನಗೆ ಮಾತ್ರ ಅವ್ವನಿಗೆ ತಂದುಕೊಡಲು ಏನಾದರೂ ಬೇಕಿತ್ತು.

1994ರಲ್ಲಿ ಮತ್ತೆ ಮಂಡ್ಯದಲ್ಲೇ ಸಮ್ಮೇಳನ ಆಯಿತು, 63ನೆಯದು. ಕಾದಂಬರಿಕಾರ ಚದುರಂಗ ಅಧ್ಯಕ್ಷರು. ಈ ಸಲ ಜೇಬಿನಲ್ಲಿ ಪೆನ್ನು, ಕೈಯಲ್ಲಿ ನೋಟ್‌ಬುಕ್ ಇತ್ತು. ಕವಿಗೋಷ್ಠಿ ನಡೆಯುತ್ತಿತ್ತು. ಒಬ್ಬ ಕವಿ ಮಂಡ್ಯಕ್ಕೆ ಬಂದಿದ್ದೇನೆ ಅಂತ ಕಬ್ಬಿನ ಮೇಲೆ ಪದ್ಯ ಓದಿದರು. ಕಬ್ಬು ಸಿಹಿ, ಬೆಲ್ಲ ಸಿಹಿ, ಮಂಡ್ಯದ ಮನಸ್ಸು ಸಿಹಿ, ಹೀಗೇ ಹೋಗುತ್ತಿತ್ತು. ಚಪ್ಪಾಳೆಯೂ ಬಂತು. ನನ್ನ ಪಕ್ಕದಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಒಬ್ಬ ಹಿರಿಯರು ಕೂತಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ. ನನ್ನ ಕಡೆ ತಿರುಗಿ ನಿಧಾನಕ್ಕೆ ಹೇಳಿದರು: ‘ಕಬ್ಬು ಸಿಹಿ ಅಂತ ಎಲ್ರೂ ಬರೀತಾರೆ ಮೇಷ್ಟ್ರೇ. ಕಬ್ಬಿನ ಗರಿ ಮೈ ಕುಯ್ಯುತ್ತೆ ಅಂತ ಯಾರೂ ಬರಿಯಲ್ಲ.’

ಅದನ್ನು ಹಾಗೇ ಬರೆದುಕೊಂಡೆ. ಯಾವ ಪದ್ಯ ಓದುವಾಗ ಅಂದರು, ಮುಂಚೆ ಏನಾಯಿತು, ಅವರು ಚಪ್ಪಾಳೆ ತಟ್ಟಲಿಲ್ಲ ಅನ್ನೋದು, ಎಲ್ಲವನ್ನೂ. ರಾತ್ರಿ ಅವ್ವನ ಮುಂದೆ ಕೂತು ಓದಿದೆ. ಅವಳು ಮಾತಾಡಲಿಲ್ಲ. ಸೆರಗು ಸರಿಸಿ ಎರಡು ಮುಂಗೈಗಳನ್ನು ದೀಪದ ಬೆಳಕಿಗೆ ಹಿಡಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಸಣ್ಣ ಸಣ್ಣ ಬಿಳಿ ಗೆರೆಗಳು, ಒಂದರ ಮೇಲೊಂದು. ಮದುವೆಯಾಗಿ ಬಂದಾಗಿನಿಂದ ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತ, ಗರಿ ಸುಲಿದ ಕೈಗಳು. 33 ವರ್ಷ ಆ ಕೈಯಿಂದ ಊಟ ಮಾಡಿದ್ದೆ, ಆ ಗೆರೆಗಳನ್ನು ನೋಡಿರಲಿಲ್ಲ. ಯಾರೋ ಗುರುತಿಲ್ಲದ ಮನುಷ್ಯರ ಒಂದು ಮಾತು ಬಂದು ನನಗೆ ನನ್ನ ಅವ್ವನ ಕೈ ತೋರಿಸಬೇಕಾಯಿತು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಆ ಮಾತು ಮೈಕಿನಲ್ಲಿ ಬಂದದ್ದಲ್ಲ. ಅವತ್ತಿನ ಗೋಷ್ಠಿಯನ್ನು ಯಾರಾದರೂ ವಿಡಿಯೊ ಮಾಡಿದ್ದರೂ ಅದರಲ್ಲಿ ಸಿಗೋದು ಕವಿಯ ಸಿಹಿ ಕಬ್ಬು ಮಾತ್ರ. ಯೂಟ್ಯೂಬ್ ಬೇಡ ಅನ್ನುತ್ತಿಲ್ಲ, ನಾನೂ ನೋಡುತ್ತೇನೆ. ಆದರೆ ನಿನ್ನ ಪಕ್ಕದ ಕುರ್ಚಿಯವರು ಅದರಲ್ಲಿ ಬರೋದಿಲ್ಲ ಅಲ್ವಾ.

ಹಾಗಾಗಿ ಶನಿವಾರ ಬೆಳಿಗ್ಗೆಯೇ ಬಾ, ಎರಡೂ ದಿನ ಇರು. ಕವಿಗಳಿಗೆ ಅಂತ ಮುಂದೆ ಕುರ್ಚಿ ಇಟ್ಟಿರುತ್ತಾರೆ. ನಿನ್ನ ಗೋಷ್ಠಿ ಬಿಟ್ಟು ಮಿಕ್ಕ ಹೊತ್ತು ಅಲ್ಲಿ ಕೂರಬೇಡ, ಹಿಂದೆ ಹೋಗು. ಹಿಂದಿನ ಸಾಲುಗಳಲ್ಲಿ ಜನ ಮಾತಾಡಿಕೊಳ್ಳುತ್ತಾರೆ, ಒಪ್ಪುತ್ತಾರೆ, ಎದ್ದು ಹೋಗುತ್ತಾರೆ, ಮತ್ತೆ ಬರುತ್ತಾರೆ. ಯಾವ ಮಾತಿಗೆ ಎದ್ದರು, ಯಾವುದಕ್ಕೆ ಕೂತರು ನೋಡು. ಬರೆಯುವವಳಿಗೆ ಅದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ.

ಈಗ ನಿನ್ನ ಪದ್ಯ. ಕಳಿಸಿದ ಮೂರರಲ್ಲಿ ‘ಊರ ದಾರಿ’ ಓದು. ಅಮ್ಮ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವಾಗ ಕತ್ತಲಲ್ಲಿ ಬಳೆ ಸದ್ದು ಕೇಳುತ್ತೆ ಅಂತ ಬರೆದಿದ್ದೀಯಲ್ಲ, ಅಲ್ಲಿ ನನಗೆ ಗಂಟಲು ಕಟ್ಟಿತು. ಆದರೆ ಅದೇ ಪದ್ಯದ ಕೊನೆಯಲ್ಲಿ ‘ಸಿಹಿ ಕಬ್ಬಿನ ನಾಡು’ ಅಂತ ಒಂದು ಸಾಲಿದೆ. ಅದು ನೀನು ಕಂಡದ್ದಲ್ಲ, ಎಲ್ಲೋ ಕೇಳಿದ್ದು. ಅಜ್ಜಿಯ ಕೈ ನೆನಪಿಸಿಕೊಂಡು ಇನ್ನೊಂದು ಸಲ ನೋಡು. ತೆಗೆಯಲೇಬೇಕು ಅಂತ ನಾನು ಹೇಳುವುದಿಲ್ಲ, ಪದ್ಯ ನಿನ್ನದು.

ಎಷ್ಟು ಹೊತ್ತು ಅಂತ ಕೇಳಿದ್ದೀಯ. ಎಷ್ಟು ಕೊಟ್ಟಿದ್ದಾರೋ ಅದಕ್ಕಿಂತ ಒಂದು ನಿಮಿಷ ಕಡಿಮೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ ನೋಡು. ಪದ್ಯಕ್ಕೆ ಪೀಠಿಕೆ ಹಾಕಬೇಡ. ಇದನ್ನು ಯಾವ ಸಂದರ್ಭದಲ್ಲಿ ಬರೆದೆ, ಏನು ಹೇಳಲು ಹೊರಟಿದ್ದೇನೆ ಅಂತ ಪದ್ಯಕ್ಕಿಂತ ಉದ್ದ ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ವೇದಿಕೆ ಮೇಲಿರುವ ಎಲ್ಲರ ಹೆಸರು ಹಿಡಿದು ನಮಸ್ಕಾರ ಹೇಳುವುದೂ ಬೇಡ, ಒಂದೇ ನಮಸ್ಕಾರ ಸಾಕು.

ಒಂದು ಸಮ್ಮೇಳನದಲ್ಲಿ ಒಬ್ಬರು ಐದು ನಿಮಿಷದ ಜಾಗದಲ್ಲಿ ಮೂರು ಪದ್ಯ ಓದಿದರು. ನಿರೂಪಕರು ಚೀಟಿ ಕಳಿಸಿದರು. ಚೀಟಿ ಓದಿ ಮಡಚಿ ಜೇಬಿಗೆ ಹಾಕಿಕೊಂಡು ನಾಲ್ಕನೆಯದಕ್ಕೆ ಹೋದರು. ಜನ ನಿಲ್ಲಿಸಲಿ ಅಂತ ಚಪ್ಪಾಳೆ ತಟ್ಟಿದರೆ, ಅವರು ಮೆಚ್ಚಿಕೊಂಡರು ಅಂತ ತಿಳಿದು ಇನ್ನೂ ಓದಿದರು. ಪಟ್ಟಿಯ ಕೊನೆಯಲ್ಲಿ ಒಂದು ಹುಡುಗಿ ಇದ್ದಳು. ಬಿಎ ಓದುವ ವಯಸ್ಸು ಇರಬೇಕು. ಅವಳ ಸರದಿ ಬರುವ ಹೊತ್ತಿಗೆ ಮುಂದಿನ ಗೋಷ್ಠಿಯವರು ಬಂದು ನಿಂತಿದ್ದರು. ಅವಳಿಗೆ ಎರಡು ನಿಮಿಷವೂ ಸಿಗಲಿಲ್ಲ, ನಾಲ್ಕು ಸಾಲು ಓದಿ ಇಳಿದಳು. ಕೆಳಗೆ ಅವರಪ್ಪ ಫೋಟೊ ತೆಗೆಯಲು ಕ್ಯಾಮೆರಾ ಹಿಡಿದು ನಿಂತಿದ್ದರು. ಅವರು ಕ್ಯಾಮೆರಾ ಸರಿ ಮಾಡಿಕೊಳ್ಳುವಷ್ಟರಲ್ಲಿ ಮುಗಿದು ಹೋಗಿತ್ತು. ನಿನ್ನ ಒಂದು ನಿಮಿಷ ಪಟ್ಟಿಯ ಕೊನೆಯವರಿಗೆ ಹೋಗುತ್ತೆ ಅನ್ನೋದು ನೆನಪಿರಲಿ. 14ನೆಯವರು ಓದಿ ಇಳಿಯುವವರೆಗೆ ವೇದಿಕೆ ಬಿಟ್ಟು ಏಳಬೇಡ. ತನ್ನ ಪದ್ಯ ಓದಿ ಎದ್ದು ಹೋಗುವ ಕವಿಯನ್ನು ಕಂಡರೆ ನನಗೆ ನಿಜವಾಗಿಯೂ ಬೇಜಾರಾಗುತ್ತೆ.

ಇಷ್ಟು ಆಯಿತು. ಇನ್ನು ಮಾತು ಹೊತ್ತು ತರುವ ವಿಷಯ. ಮಾತನ್ನು ತಂದರೆ ಸಾಲದು, ಇಡಿಯಾಗಿ ತರಬೇಕು. ಇದನ್ನು ನಾನು ಕಲಿತದ್ದು ತಡವಾಗಿ, 55ನೆಯ ವಯಸ್ಸಿನಲ್ಲಿ, ರಾಯಚೂರಿನಲ್ಲಿ.

2016ರ ಡಿಸೆಂಬರ್ 2ರಿಂದ 4ರವರೆಗೆ ಅಲ್ಲಿ 82ನೆಯ ಸಮ್ಮೇಳನ, ಬರಗೂರು ರಾಮಚಂದ್ರಪ್ಪ ಅಧ್ಯಕ್ಷರು. ನವೆಂಬರ್ 8ಕ್ಕೆ 500, 1000ದ ನೋಟು ರದ್ದಾಗಿ ಇನ್ನೂ ಒಂದು ತಿಂಗಳು ಆಗಿರಲಿಲ್ಲ. ನನ್ನ ಹತ್ತಿರ ಇದ್ದದ್ದು 2000ದ ಒಂದು ನೋಟು, ಮಿಕ್ಕಿದ್ದು ಚಿಲ್ಲರೆ. ಪುಸ್ತಕ ಮಳಿಗೆಯಲ್ಲಿ ಪುಸ್ತಕ ಆರಿಸಿ ನೋಟು ಚಾಚಿದರೆ ಪಾಪ ಅಂಗಡಿಯವರು ಕೈ ಮುಗಿಯುತ್ತಿದ್ದರು. ಆರಿಸಿದ್ದನ್ನು ಮತ್ತೆ ಜೋಡಿಸಿಟ್ಟು ಬರುವುದು ಎಷ್ಟು ಕಷ್ಟ ಗೊತ್ತಾ. ಹಾಗೆ ಬರಿಗೈಲಿ ಬಂದು ಒಂದು ಗೋಷ್ಠಿಯಲ್ಲಿ ಕೂತೆ. ಭಾಷಣ ಮಾಡುತ್ತಿದ್ದವರು ‘ಬಸವಣ್ಣನವರು ಹೇಳಿದಂತೆ ಕಾಯಕವೇ ಕೈಲಾಸ’ ಅಂದರು. ನಾನು ತಲೆಯಾಡಿಸಿದೆ.

ಪಕ್ಕದಲ್ಲಿ ಲಿಂಗಸುಗೂರು ಕಡೆಯ ಒಬ್ಬರು ಇದ್ದರು. ‘ಅದು ಬಸವಣ್ಣಂದಲ್ರೀ ಸರ, ನಮ್ಮ ಮಾರಯ್ಯಂದು’ ಅಂದರು. ಯಾವ ಮಾರಯ್ಯ ಅಂದೆ. ಆಯ್ದಕ್ಕಿ ಮಾರಯ್ಯ. ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಶರಣ, ಅವರ ತಾಲ್ಲೂಕಿನ ಅಮರೇಶ್ವರದವನು. ಅವರು ಅಲ್ಲೇ ಕೂತು ಇಡೀ ವಚನ ಹೇಳಿದರು, ಸಣ್ಣ ದನಿಯಲ್ಲಿ, ಬೆರಳು ಮಡಿಸುತ್ತಾ. ಕಾಯಕದಲ್ಲಿ ಮುಳುಗಿದ್ದಾಗ ಗುರುದರ್ಶನವಾದರೂ ಮರೆಯಬೇಕು, ಲಿಂಗಪೂಜೆಯಾದರೂ ಮರೆಯಬೇಕು, ಜಂಗಮ ಮುಂದೆ ಬಂದು ನಿಂತರೂ ಹಂಗು ಹರಿಯಬೇಕು. ಇಷ್ಟೆಲ್ಲ ಆದ ಮೇಲೆ ಬರುತ್ತೆ, ‘ಕಾಯಕವೇ ಕೈಲಾಸವಾದ ಕಾರಣ’ ಅಂತ. ಅದು ಕೂಡ ನಡುವೆ ಬರುವ ಮಾತು, ಆಮೇಲೆ ಇನ್ನೂ ಇದೆ. ಆ ಲಿಂಗವೂ ಕಾಯಕದ ಒಳಗೇ ಅನ್ನುತ್ತಾನೆ ಮಾರಯ್ಯ. ಗುರು, ಲಿಂಗ, ಜಂಗಮ ಮೂರನ್ನೂ ಬದಿಗಿಟ್ಟು ಕೆಲಸ ಮಾಡು ಅಂತ ಒಬ್ಬ ಅಕ್ಕಿ ಆಯುವವನು 12ನೆಯ ಶತಮಾನದಲ್ಲಿ ಹೇಳಿದ್ದು ಎಂಥ ದೊಡ್ಡ ಮಾತು! ನಾವು ಅದರಲ್ಲಿ ಎರಡು ಪದ ಮುರಿದುಕೊಂಡು, ಹೆಸರೂ ಬದಲಿಸಿ, ಸುಮ್ನೆ ಆಫೀಸಿನ ಗೋಡೆಗೆ ಬರೆಸಿದ್ದೇವೆ.

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಾರಯ್ಯನ ಹೆಂಡತಿ ಲಕ್ಕಮ್ಮನ ಕತೆಯನ್ನೂ ಹೇಳಿದರು. ಒಂದು ದಿನ ಮಾರಯ್ಯ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದನಂತೆ. ಲಕ್ಕಮ್ಮ ಒಳಗೆ ಬಿಡಲಿಲ್ಲ. ಇದು ಅಮರೇಶ್ವರಲಿಂಗಕ್ಕೆ ಸಲ್ಲದ ಬೋನ, ಅಂದರೆ ಸಲ್ಲದ ನೈವೇದ್ಯ, ‘ಅಲ್ಲಿಯೆ ಸುರಿದು ಬನ್ನಿ ಮಾರಯ್ಯಾ’ ಅಂದಳು. ಗಂಡನಿಗೆ ಬನ್ನಿ ಅನ್ನುತ್ತಾಳೆ, ಆದರೆ ತಂದದ್ದನ್ನು ಸುರಿದೇ ಬರಬೇಕು. ಆ ವಾಕ್ಯವನ್ನು ಬರೆದುಕೊಂಡು ನಾನು ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ನಾನು ಪಾಠ ಮಾಡುತ್ತಿದ್ದ ಶಾಲೆಯ ಗೋಡೆಯ ಮೇಲೂ ಆ ಮಾತಿತ್ತು, ಕೆಳಗೆ ಬಸವಣ್ಣನವರ ಹೆಸರು. ಬರೆಸಿದ್ದು ನಾನೇ. 20 ವರ್ಷ ಮಕ್ಕಳು ಅದರ ಕೆಳಗೆ ಪ್ರಾರ್ಥನೆಗೆ ನಿಂತಿದ್ದರು. ವಾಪಸ್ ಬಂದ ಸೋಮವಾರವೇ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಮುಂದೆ ನಿಂತು, ನಾನು ತಪ್ಪು ಬರೆಸಿದ್ದೆ, ಇದು ಆಯ್ದಕ್ಕಿ ಮಾರಯ್ಯನ ಮಾತು ಅಂತ ಹೇಳಿದೆ. ಪೇಂಟರ್ ಕರೆಸಿ ಹೆಸರು ತಿದ್ದಿಸಿದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗ ಬಂದು, ‘ಸಾರ್, ಪೂರ್ತಿ ವಚನ ಬರೆಸಿ’ ಅಂದ. ಅದನ್ನೂ ಬರೆಸಿದೆ.

ಇಂಥದ್ದೇ ಇನ್ನೊಂದು ಇದೆ. 1979ರಲ್ಲಿ ಧರ್ಮಸ್ಥಳದಲ್ಲಿ ಸಮ್ಮೇಳನ, ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರು. ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕು ಅಂತ ಬರಹಗಾರರು ಕೇಳಿದರು, ಅದು ಸಿಗಲಿಲ್ಲ. ಅವರು ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಮಾಡಿದರು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಹಾಗೆ. ನಾನು ಆಗ ಪಿಯುಸಿ. ಹಾಸ್ಟೆಲ್ಲಿನ ಒಬ್ಬ ಹಿರಿಯ ವಿದ್ಯಾರ್ಥಿ ಅಲ್ಲಿಗೆ ಹೋಗಿ ಬಂದು ನಮಗೆ ಒಂದು ಮಾತು ತಂದುಕೊಟ್ಟ. ವಿಮರ್ಶಕ ಡಿ.ಆರ್. ನಾಗರಾಜ್ ಅವರದ್ದು. ‘ಖಡ್ಗವಾಗಲಿ ಕಾವ್ಯ, ಜನರ ನೋವಿಗೆ ಮಿಡಿವ ಪ್ರಾಣಮಿತ್ರ.’

ಆ ಹುಡುಗ ಅದನ್ನು ಇಡಿಯಾಗಿ ತಂದಿದ್ದ. ನಲವತ್ತೈದು ವರ್ಷಗಳಲ್ಲಿ ಎಷ್ಟು ವೇದಿಕೆಗಳಲ್ಲಿ ಆ ಮಾತು ಕೇಳಿದ್ದೇನೋ ಲೆಕ್ಕ ಇಲ್ಲ. ಮುಕ್ಕಾಲು ಪಾಲು ಜನ ‘ಖಡ್ಗವಾಗಲಿ ಕಾವ್ಯ’ ಅಂತ ಗಟ್ಟಿಯಾಗಿ ಹೇಳಿ ಅಲ್ಲಿಗೇ ಬಿಡುತ್ತಾರೆ. ಖಡ್ಗ ಯಾರ ಕೈಯಲ್ಲಿ, ಯಾರ ಪರವಾಗಿ ಅನ್ನೋದು ಇರುವುದು ಉಳಿದರ್ಧದಲ್ಲಿ ಪುಟ್ಟಿ. ಜನರ ನೋವಿಗೆ ಮಿಡಿಯದ ಖಡ್ಗ ಬರೀ ಕಬ್ಬಿಣ. ನೀನು ಕೋಪದಲ್ಲಿ ಬರೆದ ಆ ಎರಡನೆಯ ಪದ್ಯ ಇದೆಯಲ್ಲ, ಅದನ್ನು ಈ ಸಲ ಓದಬೇಡ ಅನ್ನೋದಕ್ಕೆ ಕಾರಣವೂ ಇದೇ. ಅದರಲ್ಲಿ ಖಡ್ಗ ಇದೆ, ಮಿತ್ರ ಇನ್ನೂ ಬಂದಿಲ್ಲ. ಬರುತ್ತೆ, ಇನ್ನೊಂದು ಆರು ತಿಂಗಳು ಇಟ್ಟುಕೋ.

ಆ ಬಂಡಾಯದ ಬಳಗದಲ್ಲೇ ಬರೆಯುತ್ತಾ ಬೆಳೆದವರು ಹಾಸನದ ಬಾನು ಮುಷ್ತಾಕ್. 2025ರ ಮೇ 20ರಂದು ಲಂಡನ್ನಿನಲ್ಲಿ ಅವರ ಕತೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು, ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರ ಜೊತೆಗೆ. ಕನ್ನಡಕ್ಕೆ ಮೊದಲ ಸಲ, ಕಥಾಸಂಕಲನಕ್ಕೂ ಮೊದಲ ಸಲ. ಮಾರನೆಯ ದಿನ ನನ್ನ ಫೋನಿಗೆ ಅವರ ಭಾಷಣದ ಒಂದೇ ಒಂದು ತುಂಡು ಎಲ್ಲಾ ಗುಂಪುಗಳಿಂದ ಬಂತು, ಮಿಂಚುಹುಳುಗಳ ಬಗ್ಗೆ. ಚೆನ್ನಾಗಿತ್ತು. ಆದರೂ ಪೂರ್ತಿ ಭಾಷಣ ಹುಡುಕಿ ಕೇಳಿದೆ. ಅದರಲ್ಲಿ ನನಗೆ ಬೇಕಾದ ಮಾತು ಬೇರೆಯೇ ಇತ್ತು. ಯಾವ ಕತೆಯೂ ಸಣ್ಣದಲ್ಲ, ನೇಯ್ಗೆಯ ಒಂದೊಂದು ಎಳೆಯೂ ಇಡೀ ಬಟ್ಟೆಯ ಭಾರ ಹೊತ್ತಿರುತ್ತೆ ಅನ್ನುವ ಅರ್ಥದ ಮಾತು. ಅಮ್ಮನ ಹಾಲಿನ ಕ್ಯಾನಿನ ಮೇಲೆಲ್ಲ ಪದ್ಯ ಬರೆದರೆ ಜನ ಏನಂದುಕೊಳ್ಳುತ್ತಾರೋ ಅಂತ ನೀನು ಕೇಳಿದ್ದೆಯಲ್ಲ, ಅದಕ್ಕೆ ನನ್ನ ಉತ್ತರ ಇದು. ಹೆಂಗಸರು ಮನೆಯೊಳಗೆ ಅನುಭವಿಸಿದ್ದನ್ನು ಬರೆದೇ ಅವರು ಅಲ್ಲಿವರೆಗೆ ಹೋದದ್ದು.

ಒಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ, ಲೆಕ್ಕದ ಮೇಷ್ಟ್ರು ತಾನೇ. 1915ರಿಂದ 2024ರವರೆಗೆ 87 ಸಮ್ಮೇಳನ ಆಗಿವೆ. ಅವುಗಳಲ್ಲಿ ಹೆಂಗಸರು ಅಧ್ಯಕ್ಷರಾದದ್ದು ನಾಲ್ಕು ಸಲ. ಮಂಡ್ಯದಲ್ಲಿ ಜಯದೇವಿತಾಯಿ, 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ, 2003ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, 2010ರಲ್ಲಿ ಗದಗದಲ್ಲಿ ಗೀತಾ ನಾಗಭೂಷಣ. ಬಳ್ಳಾರಿಯ 88ನೆಯದಕ್ಕೆ ಬಾನು ಮುಷ್ತಾಕ್ ಹೆಸರು ಆರಿಸಿದ್ದಾರೆ. ನಿನ್ನ ಪಟ್ಟಿಯಲ್ಲೂ ಎಣಿಸಿದೆ, 14ರಲ್ಲಿ ಮೂರು. ಅದಕ್ಕೇ ನಿನಗೆ ಅಷ್ಟು ಒತ್ತಾಯ ಮಾಡುತ್ತಿರುವುದು, ಓದಿ ಓಡಿ ಹೋಗಬೇಡ ಅಂತ.

ಮಂಡ್ಯದಲ್ಲಿ ಮೂರನೆಯ ಸಲ ಸಮ್ಮೇಳನ ಆದದ್ದು 2024ರ ಡಿಸೆಂಬರ್ 20ರಿಂದ 22. ಅವ್ವ ಇರಲಿಲ್ಲ, ಅಪ್ಪನೂ ಇರಲಿಲ್ಲ. ಗೊ.ರು. ಚನ್ನಬಸಪ್ಪ ಅಧ್ಯಕ್ಷರು, 94 ವರ್ಷ. 1994ರಲ್ಲಿ ಇದೇ ಊರಲ್ಲಿ ಸಮ್ಮೇಳನ ಆದಾಗ ಅವರು ಸಮ್ಮೇಳನ ನಡೆಸುವ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಜನಪದರ ನಡುವೆ ತಿರುಗಿ, ಅವರ ಬಾಯಲ್ಲಿ ಇದ್ದದ್ದನ್ನು ಕೇಳಿ ಬರೆದುಕೊಂಡ ಬಳಗದವರು. ಅವರನ್ನು ದೂರದಿಂದ ನೋಡುತ್ತಾ ನನಗೆ ಅನ್ನಿಸಿದ್ದು, ಜನರ ಮಾತು ಹೊತ್ತು ತರುವ ಕೆಲಸವನ್ನು ಒಂದು ಜನ್ಮ ಪೂರ್ತಿ ಮಾಡಬಹುದು ಅಂತ. ಆ ಸಲ ಸಮ್ಮೇಳನದಲ್ಲಿ ಬಾಡೂಟ, ಅಂದರೆ ಮಾಂಸದೂಟ, ಬೇಕು ಅನ್ನುವ ಬೇಡಿಕೆ ಎದ್ದಿತ್ತು, ನೀನೂ ಪೇಪರಿನಲ್ಲಿ ಓದಿರುತ್ತೀಯ. ಕೆಲವರಿಗೆ ಅದು ಸಾಹಿತ್ಯಕ್ಕೆ ಸಂಬಂಧವಿಲ್ಲದ ವಿಷಯ ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. ಊರ ಜನ ತಮ್ಮ ಮನೆಯ ಊಟ ಊರ ಹಬ್ಬದಲ್ಲಿ ಯಾಕಿಲ್ಲ ಅಂತ ಕೇಳಿದರೆ ಅದು ಕೇಳಬೇಕಾದ ಪ್ರಶ್ನೆಯೇ.

ಆದರೆ ಮೂರು ದಿನದಲ್ಲಿ ನಾನು ಬರೆದುಕೊಂಡದ್ದರಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಪುಸ್ತಕ ಮಳಿಗೆಯಲ್ಲಿ ಒಂದು ಸರ್ಕಾರಿ ಶಾಲೆಯ ಹುಡುಗಿ, ಸಮವಸ್ತ್ರದಲ್ಲಿ, ಎರಡು ಕವನ ಸಂಕಲನ ಹಿಡಿದು ನಿಂತಿದ್ದಳು. ಮುಷ್ಟಿಯಲ್ಲಿದ್ದ ದುಡ್ಡು ಎಣಿಸಿದಳು. ಒಂದಕ್ಕೆ ಸಾಕಾಗುವಷ್ಟಿತ್ತು. ಒಂದನ್ನು ಕೊಂಡಳು. ಇನ್ನೊಂದನ್ನು ವಾಪಸ್ ಇಡಲಿಲ್ಲ. ಬ್ಯಾಗಿನಿಂದ ರಫ್ ನೋಟ್‌ಬುಕ್ ತೆಗೆದು, ನಿಂತಲ್ಲೇ ಮೊಣಕಾಲು ಸ್ವಲ್ಪ ಮಡಚಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಅದರಿಂದ ಒಂದು ಪದ್ಯ ಬರೆದುಕೊಳ್ಳಲು ಶುರು ಮಾಡಿದಳು. ಅಂಗಡಿಯವರು ನೋಡಿದರು. ಈಗ ಕಿತ್ತುಕೊಳ್ಳುತ್ತಾರೆ ಅಂದುಕೊಂಡೆ. ಅವರು ತಾವು ಕೂತಿದ್ದ ಸ್ಟೂಲು ಎತ್ತಿ ಅವಳ ಹತ್ತಿರ ಇಟ್ಟು, ‘ಕೂತ್ಕೊಂಡ್ ಬರ್ಕೋಳವ್ವ, ಪುಸ್ತಕ ಎಲ್ಲೂ ಹೋಗಲ್ಲ’ ಅಂದರು. ಹುಡುಗಿ ಕೂತು ಪೂರ್ತಿ ಬರೆದುಕೊಂಡಳು. ಕೊನೆಗೆ ಕವಿಯ ಹೆಸರು, ಪುಸ್ತಕದ ಹೆಸರು, ಪುಟದ ಸಂಖ್ಯೆ. ಪುಟದ ಸಂಖ್ಯೆ ಕೂಡ!

ನನಗೆ ಅವರನ್ನು ಮಾತಾಡಿಸಲು ಆಗಲಿಲ್ಲ, ಕಣ್ಣು ತುಂಬಿತ್ತು. ಅದೇ ಅಂಗಡಿಯಲ್ಲಿ ನಿನಗೆ ಅಂತ ಒಂದು ಪುಸ್ತಕ ಕೊಂಡೆ, ಯುಗಾದಿಗೆ ಕೊಟ್ಟಿದ್ದು ಅದೇ.

ನೀನೂ ಒಂದೇ ಒಂದು ಪುಸ್ತಕ ಕೊಂಡುಕೋ, ಹತ್ತು ಬೇಡ. ಕೇಳಿದ ಒಂದು ಮಾತು ನಿಜವಾಗಿ ಮನಸ್ಸಿಗೆ ನಾಟಿದರೆ ಆ ಮಾತಾಡಿದವರ ಪುಸ್ತಕ ಕೇಳಿ ತೆಗೆದುಕೋ. ಮಾತನ್ನು ಆ ಕ್ಷಣವೇ ಬರೆದುಕೋ. ರಾತ್ರಿ ಬರೆಯೋಣ ಅಂತ ಬಿಟ್ಟರೆ ಅದರಲ್ಲಿ ನಿನ್ನ ಮಾತು ಸೇರಿಬಿಡುತ್ತೆ. ಯಾರು, ಎಲ್ಲಿ, ಯಾವುದಕ್ಕೆ ಉತ್ತರವಾಗಿ ಅಂದರು, ಪಕ್ಕದವರು ಏನಂದರು, ಅಷ್ಟೂ ಇರಲಿ. ಸ್ಟೇಟಸ್‌ಗೆ ಹಾಕಲೇಬೇಕು ಅನ್ನಿಸಿದರೆ ಒಂದು ದಿನ ತಡೆದು ಹಾಕು, ಹೆಸರು ಸರಿಯಾಗಿ ಹಾಕು.

ಸರಿ, ಏರ್ಪಾಡು ಕೇಳು. ಶನಿವಾರ ಬೆಳಿಗ್ಗೆ ನಾನೂ ದೊಡ್ಡಮ್ಮನೂ ಮೊದಲ ಬಸ್ಸಿಗೆ ಬರುತ್ತೇವೆ. ಊಟದ ಕೂಪನ್ ನೋಂದಣಿ ಕೌಂಟರಿನಲ್ಲೇ ಕೊಡುತ್ತಾರೆ, ಮರೆಯದೆ ಇಸಕೋ. ಭಾನುವಾರ ನೀನು ಓದುವಾಗ ನಾವು ಹಿಂದಿನಿಂದ ಮೂರನೆಯ ಸಾಲಿನಲ್ಲಿ ಇರುತ್ತೇವೆ, ಅಲ್ಲಿಗೆ ಕೇಳುವಷ್ಟು ದನಿ ಎತ್ತಿ ಓದು. ನಿಮ್ಮಪ್ಪ ಬರುತ್ತಾನಂತೆ. ನಿಮ್ಮಮ್ಮನಿಗೆ ಬರಲು ಆಗುವುದಿಲ್ಲ, ಹಸು ಕರು ಹಾಕಿ ಇನ್ನೂ ನಾಲ್ಕು ದಿನ. ಹೊತ್ತಿಗೆ ಸರಿಯಾಗಿ ಕರೆಯಬೇಕು, ಡೇರಿಗೆ ಹಾಕಬೇಕು. ನಾನು ಫೋನ್ ಮಾಡಿದ್ದಾಗ ಸಪ್ಪೆಯಾಗಿಯೇ ಹೇಳಿದಳು, ‘ಇರ್ಲಿ ಬಿಡಿ ಭಾವ, ನೀವೆಲ್ಲ ಹೋಗ್ಬನ್ನಿ’ ಅಂತ.

ಅದಕ್ಕೆ ಭಾನುವಾರ ರಾತ್ರಿ ಬೆಂಗಳೂರಿಗೆ ಹೋಗಬೇಡ, ಮನೆಗೆ ಹೋಗು. ಸೋಮವಾರ ಬೆಳಿಗ್ಗೆ ಐದೂವರೆಗೆ ಬಸ್ಸಿದೆ, ಆಫೀಸಿಗೆ ಆಗುತ್ತೆ. ರಾತ್ರಿ ಅವಳು ಕೊಟ್ಟಿಗೆ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಬಂದು ನಿನ್ನ ಎದುರು ಕೂರುತ್ತಾಳೆ. ಕೂತವಳೇ ಕೇಳುತ್ತಾಳೆ, ಯಾರ್ಯಾರು ಏನೇನಂದ್ರು ಅಂತ.

ಇಂತಿ ನಿನ್ನ
ದೊಡ್ಡಪ್ಪ